ಸೇನೆಯ ಎಂಜಿನಿಯರ್ ಹುದ್ದೆಯ ಸಂದರ್ಶನ: ಮೈಸೂರು–ಮಂಡ್ಯದವರ ತಯಾರಿ ಹೀಗಿರಲಿ

ಕೆಆರ್‌ಎಸ್‌ನಲ್ಲಿ ಇವತ್ತು ನೀರು ಎಷ್ಟಿದೆ ಎಂದು ಮಂಡ್ಯದ ಯಾರನ್ನೇ ಕೇಳಿ, ಅಡಿ ಲೆಕ್ಕದಲ್ಲಿ ಹೇಳಿಬಿಡುತ್ತಾರೆ. ಅದೇ ಊರಿನ ಬಿಇ ಹುಡುಗನನ್ನು ಎಸ್‌ಎಸ್‌ಬಿ (ಸೇನೆಗೆ ಅಧಿಕಾರಿಗಳನ್ನು ಆರಿಸುವ ಸರ್ವೀಸಸ್ ಸೆಲೆಕ್ಷನ್ ಬೋರ್ಡ್) ಸಂದರ್ಶನದಲ್ಲಿ ಕೂರಿಸಿ, 'ನಿಮ್ಮ ಜಿಲ್ಲೆಯ ಅಣೆಕಟ್ಟೆಯ ಬುಡದಲ್ಲಿ ನೀರಿನ ಒತ್ತಡ ಎಷ್ಟಿರಬಹುದು?' ಎಂದರೆ ಮುಖ ಮುಖ ನೋಡುತ್ತಾನೆ. ಲೆಕ್ಕ ಒಂದೇ ಸಾಲಿನದು, ಪಿಯುಸಿಯ ಫಿಸಿಕ್ಸ್‌ನಲ್ಲೇ ಇದೆ. ಗೊತ್ತಿಲ್ಲದ್ದಕ್ಕಿಂತ ಗೊತ್ತಿರುವುದನ್ನು ಜೋಡಿಸಲಾಗದೆ ಎಡವುವವರೇ ಹೆಚ್ಚು.

ಸೇನೆಯ ಟೆಕ್ನಿಕಲ್ ಎಂಟ್ರಿಗಳ ಸಂದರ್ಶನ ಗೇಟ್ ಪರೀಕ್ಷೆಯಂತಲ್ಲ, ಕಂಪನಿಗಳ ಕ್ಯಾಂಪಸ್ ಇಂಟರ್ವ್ಯೂನಂತೆಯೂ ಅಲ್ಲ. ಸಿಲಬಸ್ ಪೂರ್ತಿ ಉರು ಹೊಡೆದುಕೊಂಡು ಹೋದರೂ ಎದುರಿಗೆ ಕೂತ ಅಧಿಕಾರಿ ಸಿಲಬಸ್ ಹಿಡಿದುಕೊಂಡು ಪ್ರಶ್ನೆ ಕೇಳುವುದಿಲ್ಲ. ನೀವೇ ಬರೆದುಕೊಟ್ಟ ಅರ್ಜಿ, ನಿಮ್ಮ ಪ್ರಾಜೆಕ್ಟ್, ನಿಮ್ಮ ಊರು, ನಿಮ್ಮ ಹವ್ಯಾಸ ಇವುಗಳಿಂದ ಒಂದು ಎಳೆ ಹಿಡಿದು 'ಯಾಕೆ' ಅನ್ನುತ್ತಾರೆ. ಉತ್ತರ ಬಂದರೆ ಅದರ ಮೇಲೆ ಇನ್ನೊಂದು 'ಯಾಕೆ'. ಮೂರನೆಯ 'ಯಾಕೆ'ಗೆ ನೀವು ಏನು ಮಾಡುತ್ತೀರಿ ಎಂಬುದರಲ್ಲಿ ಸಂದರ್ಶನದ ತೂಕವಿದೆ. ಆದ್ದರಿಂದ ನೂರು ವಿಷಯವನ್ನು ಮೇಲಿಂದ ಮೇಲೆ ಓದುವ ಬದಲು ಹದಿನೈದು ವಿಷಯದಲ್ಲಿ ಮೂರು ಮೆಟ್ಟಿಲು ಕೆಳಗಿಳಿಯಿರಿ.

ಯಾವ ಬಾಗಿಲು ಎಂದು ಮೊದಲು ತೀರ್ಮಾನಿಸಿ

ಪಿಯುಸಿ ಮುಗಿಸಿದವರಿಗೆ ಟಿಇಎಸ್, ಅಂದರೆ 10+2 ಟೆಕ್ನಿಕಲ್ ಎಂಟ್ರಿ ಸ್ಕೀಮ್. ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಮೂರೂ ಸೇರಿ ಕನಿಷ್ಠ 60% ಇರಬೇಕು, ಜೊತೆಗೆ ಜೆಇಇ ಮೇನ್ ಬರೆದಿರಬೇಕು. ನಮ್ಮ ಕಡೆಯವರು ಸೋಲುವುದು ಇಲ್ಲೇ: 'ಹೇಗೂ ಸಿಇಟಿಯಲ್ಲಿ ಸೀಟು ಸಿಗುತ್ತೆ' ಎಂದು ಸಿಇಟಿ ಒಂದನ್ನೇ ಬರೆದು ಕೂರುತ್ತಾರೆ. ಅಂಕ 95% ಇದ್ದರೂ ಜೆಇಇ ಮೇನ್ ಇಲ್ಲದಿದ್ದರೆ ಅರ್ಜಿ ಹಾಕಲು ಬರುವುದಿಲ್ಲ. ಆಯ್ಕೆಯಾದವರಿಗೆ ಒಟ್ಟು 4 ವರ್ಷದ ತರಬೇತಿ: 3 ವರ್ಷ ಸೇನೆಯದೇ ಎಂಜಿನಿಯರಿಂಗ್ ಕಾಲೇಜುಗಳಾದ ಪುಣೆಯ ಸಿಎಂಇ, ಮಹೂವಿನ ಎಂಸಿಟಿಇ ಅಥವಾ ಸಿಕಂದರಾಬಾದಿನ ಎಂಸಿಇಎಂಇಯಲ್ಲಿ, 1 ವರ್ಷ ಡೆಹ್ರಾಡೂನ್‌ನ ಐಎಂಎಯಲ್ಲಿ (ಇಂಡಿಯನ್ ಮಿಲಿಟರಿ ಅಕಾಡೆಮಿ).

ಬಿಇ ಮುಗಿಸಿದ ಅಥವಾ ಕೊನೆಯ ವರ್ಷದಲ್ಲಿರುವ ಹುಡುಗರಿಗೆ ಟಿಜಿಸಿ (ಟೆಕ್ನಿಕಲ್ ಗ್ರಾಜುಯೇಟ್ ಕೋರ್ಸ್) ಮತ್ತು ಎಸ್‌ಎಸ್‌ಸಿ ಟೆಕ್ (ಶಾರ್ಟ್ ಸರ್ವಿಸ್ ಕಮಿಷನ್), ಹುಡುಗಿಯರಿಗೆ ಎಸ್‌ಎಸ್‌ಸಿ ಟೆಕ್. ಎರಡಕ್ಕೂ ವಯಸ್ಸು 20ರಿಂದ 27. ಟಿಜಿಸಿಯದು ಪರ್ಮನೆಂಟ್ ಕಮಿಷನ್, ಅಂದರೆ ನಿವೃತ್ತಿಯವರೆಗಿನ ಕೆಲಸ; ಎಸ್‌ಎಸ್‌ಸಿಯದು ಶಾರ್ಟ್ ಸರ್ವಿಸ್, ಅಂದರೆ ಗೊತ್ತಾದಷ್ಟು ವರ್ಷದ್ದು. ಲಿಖಿತ ಪರೀಕ್ಷೆ ಇಲ್ಲ, ಅಂಕದ ಕಟ್‌ಆಫ್ ಮೇಲೆ ನೇರವಾಗಿ ಎಸ್‌ಎಸ್‌ಬಿ ಕರೆ. ನಿಮ್ಮ ಡಿಗ್ರಿಯ ಹೆಸರು ನೋಟಿಫಿಕೇಶನ್ ಪಟ್ಟಿಯಲ್ಲಿ ಅಕ್ಷರಕ್ಕೆ ಅಕ್ಷರ ಇದೆಯೇ ನೋಡಿಕೊಳ್ಳಿ. ಕಾಲೇಜುಗಳು ಈಚೆಗೆ ಇಡುತ್ತಿರುವ ಉದ್ದುದ್ದ ಬ್ರಾಂಚ್ ಹೆಸರುಗಳಲ್ಲಿ ಒಂದು ಪದ ಆಚೀಚೆಯಾದರೂ ದಾಖಲೆ ಪರಿಶೀಲನೆಯಲ್ಲಿ ತಕರಾರು ಏಳುತ್ತದೆ.

ಇನಿಷಿಯಲ್ ಎಂಬ ತಲೆನೋವು

ಉತ್ತರದವರಿಗೆ ಸರ್‌ನೇಮ್ ಇರುತ್ತದೆ, ನಮಗೆ ಇನಿಷಿಯಲ್. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ 'ಕಿರಣ್ ಎಂ ಎಸ್', ಆಧಾರ್‌ನಲ್ಲಿ 'ಎಂ ಎಸ್ ಕಿರಣ್', ವಿಶ್ವವಿದ್ಯಾಲಯದ ಅಂಕಪಟ್ಟಿಯಲ್ಲಿ 'ಕಿರಣ್ ಮಳವಳ್ಳಿ ಶಿವಣ್ಣ' ಎಂದಿದ್ದರೆ ಕಾಗದದ ಲೆಕ್ಕದಲ್ಲಿ ಅದು ಮೂರು ಜನ. ಅರ್ಜಿಯಲ್ಲಿ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇರುವಂತೆಯೇ ಹೆಸರು, ಅಪ್ಪನ ಹೆಸರು, ಹುಟ್ಟಿದ ದಿನ ತುಂಬಿ. ಉಳಿದದ್ದನ್ನು ಅದಕ್ಕೆ ಹೊಂದಿಸಿ. ಆಧಾರ್ ತಿದ್ದುಪಡಿ ಬೇಗ ಆಗುತ್ತದೆ, ವಿಶ್ವವಿದ್ಯಾಲಯದ ದಾಖಲೆ ತಿದ್ದುವುದು ತಿಂಗಳುಗಟ್ಟಲೆ ಎಳೆಯುತ್ತದೆ. ಹೀಗಾಗಿ ಕರೆಪತ್ರ ಬಂದ ಮೇಲೆ ಓಡಾಡುವುದಲ್ಲ, ಅರ್ಜಿ ಹಾಕುವ ಮೊದಲೇ ಮಾಡಿ.

ಒಯ್ಯಬೇಕಾದ ಕಟ್ಟು: ಎಸ್ಸೆಸ್ಸೆಲ್ಸಿ ಮತ್ತು ಪಿಯುಸಿ ಅಂಕಪಟ್ಟಿ, ಎಲ್ಲ ಸೆಮಿಸ್ಟರ್‌ಗಳ ಅಂಕಪಟ್ಟಿ, ಸಿಜಿಪಿಎಯನ್ನು ಶೇಕಡಾವಾರಿಗೆ ಬದಲಿಸುವ ಸೂತ್ರಕ್ಕೆ ವಿಶ್ವವಿದ್ಯಾಲಯದ ಪ್ರಮಾಣಪತ್ರ, ಕೊನೆಯ ವರ್ಷದವರಾದರೆ ಪ್ರಿನ್ಸಿಪಾಲರ ಪತ್ರ, ಗುರುತಿನ ಚೀಟಿ, ಸಹಿ ಮಾಡಿದ ಅರ್ಜಿಯ ಪ್ರಿಂಟ್, 20 ಪಾಸ್‌ಪೋರ್ಟ್ ಫೋಟೊ. ಮೂಲ ಪ್ರತಿಗಳ ಜೊತೆ ಎರಡೆರಡು ಸೆಟ್ ಜೆರಾಕ್ಸ್. ಸಿಜಿಪಿಎ ಪತ್ರವನ್ನು ಮರೆಯುವವರೇ ಜಾಸ್ತಿ.

ಪಿಐಕ್ಯೂ ಫಾರಂ ನಿಮ್ಮ ಪ್ರಶ್ನೆಪತ್ರಿಕೆ

ಮೊದಲ ದಿನದ ಸ್ಕ್ರೀನಿಂಗ್ ದಾಟಿದವರ ಕೈಗೆ ಪಿಐಕ್ಯೂ (ಪರ್ಸನಲ್ ಇನ್ಫರ್ಮೇಶನ್ ಕ್ವೆಶ್ಚನೇರ್) ಎಂಬ ಫಾರಂ ಬರುತ್ತದೆ. ಊರು, ಜಿಲ್ಲೆ, ಅಪ್ಪ ಅಮ್ಮನ ಕೆಲಸ ಮತ್ತು ಆದಾಯ, ಹತ್ತನೇ ತರಗತಿಯಿಂದ ಈವರೆಗಿನ ಅಂಕ, ಆಟ, ಹವ್ಯಾಸ, ಎನ್‌ಸಿಸಿ, ಹೊತ್ತ ಜವಾಬ್ದಾರಿ, ಹಿಂದೆ ಎಷ್ಟು ಸಲ ಎಸ್‌ಎಸ್‌ಬಿಗೆ ಬಂದಿದ್ದಿರಿ ಎಲ್ಲವನ್ನೂ ತುಂಬಬೇಕು. ಇಂಟರ್ವ್ಯೂ ಆಫೀಸರ್ ಮುಂದೆ ಇರುವುದು ಇದೇ ಹಾಳೆ.

ಮನೆಯಲ್ಲೇ ಇದರ ನಮೂನೆ ಮಾಡಿ ತುಂಬಿ. ಆಮೇಲೆ ಕೆಂಪು ಪೆನ್ನು ಹಿಡಿದು, ಪ್ರತಿ ಪದದ ಕೆಳಗೂ ಗೆರೆ ಎಳೆದು, ಆ ಪದದಿಂದ ಹುಟ್ಟುವ 5 ಪ್ರಶ್ನೆ ಬರೆಯಿರಿ. 'ಹವ್ಯಾಸ: ಕ್ರಿಕೆಟ್' ಎಂದಿದ್ದೀರಾ? ಹಾಗಾದರೆ ಚೆಂಡು ಸ್ವಿಂಗ್ ಆಗುವುದೇಕೆ ಎಂಬುದು ಮೆಕ್ಯಾನಿಕಲ್ ಅಭ್ಯರ್ಥಿಗೆ ನ್ಯಾಯವಾದ ಪ್ರಶ್ನೆ. 'ಅಪ್ಪ: ರೈತ, 3 ಎಕರೆ ಕಬ್ಬು' ಎಂದಿದ್ದೀರಾ? ಎಕರೆಗೆ ಎಷ್ಟು ಟನ್, ಯಾವ ಕಾಲುವೆಯ ನೀರು, ಪಂಪ್‌ಸೆಟ್ ಎಷ್ಟು ಎಚ್‌ಪಿ ಎನ್ನುವುದು ಗೊತ್ತಿರಬೇಕು. ಸ್ವಂತ ಹೊಲದ ಪಂಪ್ ಎಷ್ಟು ಎಚ್‌ಪಿಯದು ಎಂದು ಗೊತ್ತಿಲ್ಲದ ಎಲೆಕ್ಟ್ರಿಕಲ್ ಎಂಜಿನಿಯರ್‌ನನ್ನು ಯಾವ ಅಧಿಕಾರಿ ತಾನೇ ನಂಬುತ್ತಾರೆ?

ಚಂದಕ್ಕೆಂದು ಹವ್ಯಾಸ ಸೇರಿಸಬೇಡಿ. ಟ್ರೆಕ್ಕಿಂಗ್ ಎಂದು ಬರೆದವರಿಗೆ ಚಾಮುಂಡಿ ಬೆಟ್ಟದ ಮೆಟ್ಟಿಲು ಬಿಟ್ಟು ಬೇರೇನೂ ಹತ್ತಿ ಗೊತ್ತಿರುವುದಿಲ್ಲ. ಅದು ಒಂದು ನಿಮಿಷದಲ್ಲಿ ಬಯಲಾಗುತ್ತದೆ, ಬಯಲಾದ ಮೇಲೆ ಉಳಿದ ನಿಜಗಳ ಮೇಲೂ ಅನುಮಾನ ಬರುತ್ತದೆ.

ಪ್ರಾಜೆಕ್ಟ್: ಇಲ್ಲಿ ಎರಡು ವಾರ ಕೊಡಿ

ಕೊನೆಯ ವರ್ಷದ ಪ್ರಾಜೆಕ್ಟ್ ಬಗ್ಗೆ ಪ್ರಶ್ನೆ ಬರುತ್ತದೆಂದೇ ಇಟ್ಟುಕೊಳ್ಳಿ. ನಮ್ಮ ಭಾಗದ ಕಾಲೇಜುಗಳಲ್ಲಿ ಸರ್ವೇಸಾಮಾನ್ಯವಾದ ಒಂದನ್ನೇ ತೆಗೆದುಕೊಳ್ಳೋಣ: ಮಣ್ಣಿನ ತೇವ ನೋಡಿ ತಾನೇ ಪಂಪ್ ಹಾಕುವ ಹನಿ ನೀರಾವರಿ ವ್ಯವಸ್ಥೆ. ಒಂದೇ ಹಾಳೆಯಲ್ಲಿ ಐದು ಸಂಗತಿ ಬರೆದಿಡಿ: ಯಾವ ತೊಂದರೆಗೆ ಇದು ಪರಿಹಾರ (ಒಂದು ವಾಕ್ಯ), ಕೈಯಿಂದ ಬಿಡಿಸಿದ ಬ್ಲಾಕ್ ಚಿತ್ರ, ಪ್ರತಿ ಬ್ಲಾಕ್ ಮೇಲೆ ಒಂದು ಅಂಕಿ, ಯಾವುದು ಕೈಕೊಟ್ಟಿತು, ನಾಲ್ವರ ತಂಡದಲ್ಲಿ ನಿಮ್ಮ ಕೈಯಾರೆ ಆದ ಕೆಲಸ ಯಾವುದು.

ಈಗ ಮೆಟ್ಟಿಲು ಇಳಿಯುವುದನ್ನು ನೋಡಿ.

ಯಾವ ಸೆನ್ಸರ್? ಎರಡು ಕಡ್ಡಿಯ ರೆಸಿಸ್ಟಿವ್ ಸೆನ್ಸರ್. ಅದರಲ್ಲಿ ತೊಂದರೆ ಏನು? ಒದ್ದೆ ಮಣ್ಣಿನಲ್ಲಿ ಒಂದೇ ದಿಕ್ಕಿಗೆ ಕರೆಂಟ್ ಹರಿಯುತ್ತಿದ್ದರೆ ಎಲೆಕ್ಟ್ರಾಲಿಸಿಸ್ ಆಗಿ ಕಡ್ಡಿಯ ಲೇಪನ ಸವೆಯುತ್ತದೆ, ಕೆಲವೇ ವಾರದಲ್ಲಿ ಅಳತೆ ತಪ್ಪುತ್ತದೆ. ಹಾಗಾದರೆ ಏನು ಮಾಡುತ್ತೀರಿ? ಓದುವ ಆ ಒಂದು ಕ್ಷಣ ಮಾತ್ರ ಸೆನ್ಸರ್‌ಗೆ ವಿದ್ಯುತ್ ಕೊಡಬಹುದು, ಇಲ್ಲವೇ ಲೋಹ ಮಣ್ಣಿಗೆ ತಾಗದ ಕೆಪ್ಯಾಸಿಟಿವ್ ಸೆನ್ಸರ್ ಹಾಕಬಹುದು. ಮೂರು 'ಯಾಕೆ' ಮುಗಿದವು, ನೀವಿನ್ನೂ ನಿಂತಿದ್ದೀರಿ.

ಆರ್ಡುಯಿನೊ ಉನೊ ಸಿಗ್ನಲ್ಲನ್ನು ಎಷ್ಟು ಸೂಕ್ಷ್ಮವಾಗಿ ಓದುತ್ತದೆ? ಅದರ ಎಡಿಸಿ (ವೋಲ್ಟೇಜನ್ನು ಅಂಕಿಯಾಗಿ ಬದಲಿಸುವ ಭಾಗ) 10 ಬಿಟ್, ಅಂದರೆ 0ಯಿಂದ 1023. 5 ವೋಲ್ಟನ್ನು 1024ರಿಂದ ಭಾಗಿಸಿದರೆ ಒಂದು ಹೆಜ್ಜೆಗೆ ಸುಮಾರು 4.9 ಮಿಲಿವೋಲ್ಟ್. ಈ ಅಂಕಿ ತಟ್ಟನೆ ಬಂದರೆ ಬೋರ್ಡನ್ನು ನೀವೇ ಮುಟ್ಟಿದ್ದೀರಿ ಎಂದು ಅರ್ಥವಾಗುತ್ತದೆ.

ಪಂಪ್ ಆನ್ ಮಾಡುವುದು ಹೇಗೆ? ಬಹಳ ಜನ ಬೀಳುವ ಹಳ್ಳ ಇದು. 'ರಿಲೇ ಮೂಲಕ' ಎನ್ನುತ್ತಾರೆ. ರಿಲೇ ಮೇಲೆ 10 ಆಂಪಿಯರ್ ಎಂದು ಬರೆದಿದೆ, 5 ಎಚ್‌ಪಿ ಮೂರು ಫೇಸ್ ಮೋಟಾರ್ ಎಳೆಯುವುದು 7ರಿಂದ 8 ಆಂಪಿಯರ್, ಸಾಲುತ್ತದಲ್ಲ ಎಂದುಕೊಳ್ಳುತ್ತಾರೆ. ಆದರೆ ಇಂಡಕ್ಷನ್ ಮೋಟಾರ್ ಹೊರಡುವಾಗ ಎಳೆಯುವ ಕರೆಂಟ್ ಓಡುವಾಗಿನದರ 5ರಿಂದ 7 ಪಟ್ಟು, ಅಂದರೆ 40 ಆಂಪಿಯರ್ ದಾಟುತ್ತದೆ. ರಿಲೇಯ ಕಾಂಟ್ಯಾಕ್ಟ್ ಬೆಸೆದುಕೊಂಡು, ಸ್ವಿಚ್ ಆಫ್ ಮಾಡಿದರೂ ಪಂಪ್ ನಿಲ್ಲುವುದಿಲ್ಲ. ಅಲ್ಲದೆ ಒಂದು ರಿಲೇ ಒಂದು ಫೇಸನ್ನು ಮಾತ್ರ ಕತ್ತರಿಸುತ್ತದೆ. ಸರಿಯಾದ ಉತ್ತರ: ರಿಲೇ ಸ್ಟಾರ್ಟರಿನ ಕಾಂಟ್ಯಾಕ್ಟರ್ (ಹೆಚ್ಚು ಕರೆಂಟ್ ತಾಳುವ ಸ್ವಿಚ್) ಕಾಯಿಲನ್ನು ಮಾತ್ರ ನಡೆಸಬೇಕು, ಮೋಟಾರಿನ ಭಾರ ಕಾಂಟ್ಯಾಕ್ಟರ್ ಮೇಲಿರಬೇಕು, ಓವರ್‌ಲೋಡ್ ರಿಲೇ ಜೊತೆಗಿರಬೇಕು.

ಅಲ್ಲಿಗೂ ಬಿಡದೆ, 'ಹಳ್ಳಿಯಲ್ಲಿ ರಾತ್ರಿ ಮೋಟಾರ್ ಸುಟ್ಟುಹೋಗುತ್ತಲ್ಲ, ಯಾಕೆ?' ಎಂದು ಕೇಳಬಹುದು. ಓಡುತ್ತಿರುವಾಗ ಒಂದು ಫೇಸ್ ಹೋದರೆ ಉಳಿದೆರಡೇ ಫೇಸ್ ಅದೇ ಭಾರ ಎಳೆಯಬೇಕು. ಕರೆಂಟ್ ಸುಮಾರು 1.7 ಪಟ್ಟಾಗಿ ವೈಂಡಿಂಗ್ ಕಾಯುತ್ತದೆ. ನಿಂತಿದ್ದಾಗಲೇ ಒಂದು ಫೇಸ್ ಇಲ್ಲದಿದ್ದರೆ ಶುರುವಾಗುವ ಟಾರ್ಕ್ ಇರುವುದಿಲ್ಲ, ಮೋಟಾರ್ ಗುಂಯ್ ಎನ್ನುತ್ತಾ ನಿಂತಲ್ಲೇ ಬೇಯುತ್ತದೆ. ಊರಿನ ಮೋಟಾರ್ ರಿಪೇರಿಯವನಿಗೆ ಇದು ಗೊತ್ತು. ಅವನ ಅಂಗಡಿಯಲ್ಲಿ ಅರ್ಧ ದಿನ ಕೂತು ನೋಡಿದರೆ ಕೋಚಿಂಗ್ ತರಗತಿಗಿಂತ ಹೆಚ್ಚು ಲಾಭ.

ದುಡ್ಡು ಕೊಟ್ಟು ತಂದ ಪ್ರಾಜೆಕ್ಟ್ ಆಗಿದ್ದರೆ? ಸತ್ಯ ಹೇಳಬೇಕೆಂದರೆ ಅಂಥವು ಬಹಳ ಇವೆ. ಈಗಲೇ ಪೆಟ್ಟಿಗೆ ಬಿಚ್ಚಿ, ಮಲ್ಟಿಮೀಟರ್ ಹಿಡಿದು ಅಳೆಯಿರಿ, ಒಂದು ಭಾಗವನ್ನಾದರೂ ಕಳಚಿ ಬದಲಿಸಿ ಮತ್ತೆ ಕೂರಿಸಿ. ಸಂದರ್ಶನದಲ್ಲಿ 'ಎಲ್ಲವನ್ನೂ ನಾನೇ ಮಾಡಿದೆ' ಎಂದು ರೀಲು ಬಿಡದೆ, ಆ ಒಂದು ಭಾಗವನ್ನು ನಿಮ್ಮದೆಂದು ಹೇಳಿ. ಅದು ಸಾಕು.

ಬ್ರಾಂಚಿನ ಬುಡದ ಪ್ರಶ್ನೆಗಳು

ಸೇನೆಯಲ್ಲಿ ಎಂಜಿನಿಯರ್‌ಗಳು ಮುಖ್ಯವಾಗಿ ಹೋಗುವುದು ಮೂರು ಕಡೆ. ಕೋರ್ ಆಫ್ ಎಂಜಿನಿಯರ್ಸ್ ಸೇತುವೆ, ರಸ್ತೆ, ನೆಲಬಾಂಬ್ ತೆರವಿನ ಕೆಲಸ ಮಾಡುತ್ತದೆ. ಸಿಗ್ನಲ್ಸ್ ಸಂಪರ್ಕ ಜಾಲ ನೋಡಿಕೊಳ್ಳುತ್ತದೆ. ಇಎಂಇ (ಎಲೆಕ್ಟ್ರಾನಿಕ್ಸ್ ಆ್ಯಂಡ್ ಮೆಕ್ಯಾನಿಕಲ್ ಎಂಜಿನಿಯರ್ಸ್) ಟ್ಯಾಂಕಿನಿಂದ ರೇಡಾರ್‌ವರೆಗೆ ಎಲ್ಲದರ ದುರಸ್ತಿ ಮಾಡುತ್ತದೆ. ನಿಮ್ಮ ಬ್ರಾಂಚಿನ ಪಾಠ ಇವುಗಳಲ್ಲಿ ಎಲ್ಲಿ ಕೆಲಸಕ್ಕೆ ಬರುತ್ತದೆ ಎಂದು ಕೇಳಿದರೆ ಉತ್ತರ ಬೇಕು.

ಮೆಕ್ಯಾನಿಕಲ್‌ನವರು ಎರಡು ಮತ್ತು ನಾಲ್ಕು ಸ್ಟ್ರೋಕ್ ವ್ಯತ್ಯಾಸದಲ್ಲೇ ನಿಲ್ಲಬೇಡಿ. ಡೀಸೆಲ್ ಎಂಜಿನ್ನಿನ ಕಂಪ್ರೆಷನ್ ರೇಶಿಯೊ ಯಾಕೆ 15ರ ಮೇಲೆ, ಪೆಟ್ರೋಲಿನದು ಯಾಕೆ 8ರಿಂದ 12ರ ಆಸುಪಾಸು? ಲೇಹ್ ಸುಮಾರು 3,500 ಮೀಟರ್ ಎತ್ತರದಲ್ಲಿದೆ. ಅಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟದ 70%ರಷ್ಟು. ಲಾರಿಯ ಎಂಜಿನ್ ಬಲ ಕುಗ್ಗುವುದೇಕೆ, ಟರ್ಬೊ ಅದನ್ನು ಹೇಗೆ ತುಂಬಿಕೊಡುತ್ತದೆ, ಚಳಿಗೆ ಡೀಸೆಲ್‌ನಲ್ಲಿ ಮೇಣ ಕಟ್ಟಿ ಫಿಲ್ಟರ್ ಮುಚ್ಚುವುದು ಯಾಕೆ? ಇನ್ನೊಂದು ಒಳ್ಳೆಯ ಪ್ರಶ್ನೆ: ಕಬ್ಬಿನ ಲಾರಿ ಒದ್ದೆ ಗದ್ದೆಯಲ್ಲಿ ಹೂತುಕೊಳ್ಳುತ್ತದೆ, 46 ಟನ್ನಿನ ಟಿ-90 ಟ್ಯಾಂಕ್ ದಾಟಿಹೋಗುತ್ತದೆ. ಭಾರವನ್ನು ನೆಲಕ್ಕೆ ತಾಗುವ ವಿಸ್ತೀರ್ಣದಿಂದ ಭಾಗಿಸಿ ನೋಡಿದರೆ ಉತ್ತರ ಅಲ್ಲೇ ಇದೆ.

ಸಿವಿಲ್‌ನವರಿಗೆ ಬೆಂಡಿಂಗ್ ಮೊಮೆಂಟ್ ಚಿತ್ರ, ಎಂ20 ದರ್ಜೆಯ ಕಾಂಕ್ರೀಟಿಗೆ 1:1.5:3 ಎಂಬ ಸಿಮೆಂಟ್–ಮರಳು–ಜಲ್ಲಿ ಮಿಶ್ರಣ, ನೀರು–ಸಿಮೆಂಟ್ ಅನುಪಾತ ಹೆಚ್ಚಾದರೆ ಬಲ ಯಾಕೆ ಕುಸಿಯುತ್ತದೆ ಎಂಬುದು. ಹೆಚ್ಚುವರಿ ನೀರು ಆವಿಯಾಗಿ ಬಿಟ್ಟುಹೋದ ತೂತುಗಳೇ ಕಾರಣ. ಕಾಂಕ್ರೀಟಿಗೆ ಕಬ್ಬಿಣವೇ ಯಾಕೆ, ಅಲ್ಯೂಮಿನಿಯಂ ಯಾಕಲ್ಲ? ಬಿಸಿಗೆ ಕಬ್ಬಿಣ ಮತ್ತು ಕಾಂಕ್ರೀಟ್ ಹಿಗ್ಗುವ ಪ್ರಮಾಣ ಹೆಚ್ಚೂಕಡಿಮೆ ಒಂದೇ. ಅಲ್ಯೂಮಿನಿಯಂ ಅದರ ಎರಡು ಪಟ್ಟು ಹಿಗ್ಗುತ್ತದೆ, ಮೇಲಾಗಿ ಸಿಮೆಂಟಿನ ಕ್ಷಾರ ಅದನ್ನು ತಿನ್ನುತ್ತದೆ.

ಎಲೆಕ್ಟ್ರಾನಿಕ್ಸ್‌ನವರು ಆಂಟೆನಾ ಉದ್ದದ ಲೆಕ್ಕ ಬಾಯಲ್ಲೇ ಮಾಡಬೇಕು. 30 ಮೆಗಾಹರ್ಟ್ಸ್‌ಗೆ ತರಂಗದೂರ 10 ಮೀಟರ್, ಕಾಲುಭಾಗದ ಆಂಟೆನಾ ಎಂದರೆ 2.5 ಮೀಟರ್. ಸೈನಿಕ ಬೆನ್ನಿಗೆ ಹೊತ್ತ ರೇಡಿಯೊದ ಕಡ್ಡಿ ಅಷ್ಟುದ್ದ ಇದ್ದರೆ ಏನು ಕಷ್ಟ, ಅದನ್ನು ಮೋಟು ಮಾಡಿದರೆ ಏನು ನಷ್ಟ ಎಂಬುದು ಮುಂದಿನ ಮೆಟ್ಟಿಲು. ಕಂಪ್ಯೂಟರ್‌ನವರಿಗೆ ಟಿಸಿಪಿ–ಯುಡಿಪಿ ವ್ಯತ್ಯಾಸ, ಎನ್‌ಕ್ರಿಪ್ಷನ್ ಮತ್ತು ಹ್ಯಾಶ್ ಒಂದೇ ಅಲ್ಲ ಯಾಕೆ ಎಂಬುದು ಸಾಕು.

ಟಿಇಎಸ್‌ಗೆ ಹೋಗುವ ಪಿಯುಸಿ ಮಕ್ಕಳಿಗೆ ಬ್ರಾಂಚಿಲ್ಲ. ಅವರಿಗೆ ನ್ಯೂಟನ್, ಬರ್ನೂಲಿ, ಟ್ರಾನ್ಸ್‌ಫಾರ್ಮರ್, ಲೆನ್ಸ್. ಡೆಫಿನಿಷನ್ ಒಪ್ಪಿಸುವುದನ್ನು ಬಿಟ್ಟು ಮನೆಯೊಳಗಿನ ಒಂದೊಂದು ವಸ್ತುವಿಗೆ ಜೋಡಿಸಿಕೊಳ್ಳಿ.

ಊರೇ ಲ್ಯಾಬ್

ಮಂಡ್ಯ ಅಥವಾ ಮೈಸೂರು ಎಂದು ಫಾರಂನಲ್ಲಿ ಬರೆದಮೇಲೆ ಈ ನಾಲ್ಕು ಜಾಗದ ಎಂಜಿನಿಯರಿಂಗ್ ತಿಳಿದಿರಲಿ.

ಕೆಆರ್‌ಎಸ್. 1911ರಲ್ಲಿ ಕೆಲಸ ಶುರು, ಗಾರೆಗೆ ಸುರ್ಕಿ (ಸುಣ್ಣ ಮತ್ತು ಇಟ್ಟಿಗೆ ಪುಡಿ), ಪೂರ್ಣ ಮಟ್ಟ 124.80 ಅಡಿ, ಸಾಮರ್ಥ್ಯ 49.45 ಟಿಎಂಸಿ. ಅಂದಾಜಿಗೆ ಆಳ 38 ಮೀಟರ್ ಎಂದಿಟ್ಟುಕೊಳ್ಳಿ. ಒತ್ತಡ 1000 × 9.81 × 38, ಅಂದರೆ ಸುಮಾರು 373 ಕಿಲೋಪಾಸ್ಕಲ್. ಒಂದು ಮೀಟರ್ ಉದ್ದದ ಗೋಡೆಯ ಮೇಲೆ ಬೀಳುವ ಒಟ್ಟು ನೂಕುಬಲ 38ರ ವರ್ಗದ ಅರ್ಧ, 722 ಟನ್. ಅದು ತಳದಿಂದ ಮೂರನೇ ಒಂದರಷ್ಟು ಎತ್ತರದಲ್ಲಿ, ಸುಮಾರು 12.7 ಮೀಟರ್ ಮೇಲೆ ವರ್ತಿಸುತ್ತದೆ. ಈಗ ಬಲೆ: 'ಹಿಂದೆ ನೀರು ಮೈಲುಗಟ್ಟಲೆ ಹರಡಿದೆ. ಒಂದೇ ಫರ್ಲಾಂಗ್ ಇದ್ದಿದ್ದರೆ ಗೋಡೆ ತೆಳ್ಳಗೆ ಕಟ್ಟಬಹುದಿತ್ತೇ?' ಕಟ್ಟಬಹುದಿತ್ತು ಎಂದವರು ಹೋದರು. ಒತ್ತಡಕ್ಕೆ ಆಳ ಮಾತ್ರ ಲೆಕ್ಕ, ಹರವು ಲೆಕ್ಕಕ್ಕಿಲ್ಲ. ಇನ್ನೊಂದು: ಎಷ್ಟು ಕ್ಯೂಸೆಕ್ (ಸೆಕೆಂಡಿಗೆ ಒಂದು ಘನ ಅಡಿ) ನೀರು ಒಂದು ದಿನ ಹರಿದರೆ ಒಂದು ಟಿಎಂಸಿ? ನೂರು ಕೋಟಿ ಘನ ಅಡಿಯನ್ನು 86,400 ಸೆಕೆಂಡಿನಿಂದ ಭಾಗಿಸಿ, 11,574. ಕಾವೇರಿ ಸುದ್ದಿ ಓದುತ್ತಾ ಬೆಳೆದವರಿಗೆ ಈ ಅಂಕಿ ನಾಲಿಗೆ ತುದಿಯಲ್ಲಿರಬೇಕು.

ಶಿವನಸಮುದ್ರ. ಮಳವಳ್ಳಿ ತಾಲ್ಲೂಕಿನ ಇಲ್ಲಿಂದ 1902ರಲ್ಲಿ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹೋಯಿತು. ಅಷ್ಟು ದೂರಕ್ಕೆ ಹೆಚ್ಚು ವೋಲ್ಟೇಜ್ ಯಾಕೆ? ಉದಾಹರಣೆಗೆ 1000 ಕಿಲೋವ್ಯಾಟ್ ಕಳಿಸಬೇಕು. 1,000 ವೋಲ್ಟ್ ಆದರೆ 1,000 ಆಂಪಿಯರ್, 30,000 ವೋಲ್ಟ್ ಆದರೆ 33 ಆಂಪಿಯರ್. ತಂತಿಯಲ್ಲಿ ಆಗುವ ನಷ್ಟ ಕರೆಂಟಿನ ವರ್ಗಕ್ಕೆ ತಕ್ಕಂತೆ, ಹಾಗಾಗಿ 900 ಪಟ್ಟು ಕಡಿಮೆ.

ಬೇಯ್ಲಿ ಸೇತುವೆ, ಅಂದರೆ ಸಿದ್ಧ ಉಕ್ಕಿನ ಪ್ಯಾನೆಲ್ ಜೋಡಿಸಿ ಕಟ್ಟುವ ಸೇತುವೆ. ನಮ್ಮ ಗಡಿಗೆ ಅಂಟಿದ ವಯನಾಡಿನಲ್ಲಿ 2024ರ ಜುಲೈ 30ರಂದು ಭೂಕುಸಿತವಾದಾಗ, ಬೆಂಗಳೂರಿನ ಮದ್ರಾಸ್ ಎಂಜಿನಿಯರ್ ಗ್ರೂಪ್ ಚೂರಲ್‌ಮಲೆಯಲ್ಲಿ 190 ಅಡಿಯ, 24 ಟನ್ ಹೊರುವ ಸೇತುವೆಯನ್ನು ಆಗಸ್ಟ್ 1ರಂದು ಮುಗಿಸಿತು. ಒಂದು ಬೇಯ್ಲಿ ಪ್ಯಾನೆಲ್ 10 ಅಡಿ ಉದ್ದ, ಸುಮಾರು 260 ಕಿಲೊ. ಯಾಕೆ ಅಷ್ಟೇ? ಕ್ರೇನ್ ಇಲ್ಲದ ಕಡೆ ಆರು ಜನ ಎತ್ತುವಂತಿರಬೇಕು, ಸಾಮಾನ್ಯ ಲಾರಿಯಲ್ಲಿ ಹಿಡಿಸಬೇಕು. 190 ಅಡಿಗೆ 19 ಬೇ, ಅಂದರೆ ಒಂದು ಪ್ಯಾನೆಲ್ ಉದ್ದದ 19 ತುಂಡು. ಎರಡೂ ಬದಿಗೆ ಒಂದೊಂದೇ ಸಾಲಿಟ್ಟರೂ 38 ಪ್ಯಾನೆಲ್, ಭಾರ ಮತ್ತು ಉದ್ದ ಹೆಚ್ಚಿದಂತೆ ಸಾಲು ಎರಡು ಮೂರಾಗುತ್ತದೆ, ಮೇಲೆ ಇನ್ನೊಂದು ಅಂತಸ್ತು ಏರುತ್ತದೆ. ಆಚೆ ದಡದಲ್ಲಿ ಹಿಡಿಯುವವರೇ ಇಲ್ಲದಾಗ ಸೇತುವೆ ದಾಟುವುದು ಹೇಗೆ? ಈಚೆ ದಡದಲ್ಲಿ ರೋಲರ್ ಮೇಲೆ ಜೋಡಿಸಿ, ಮುಂದೆ ಹಗುರವಾದ ಮೂಗು ಕೂರಿಸಿ ನೂಕುತ್ತಾರೆ. ಮೂಗು ಆಚೆ ದಡ ಮುಟ್ಟುವವರೆಗೆ ಇಡೀ ತೂಕದ ಕೇಂದ್ರ ರೋಲರಿನ ಹಿಂದೆಯೇ ಉಳಿಯಬೇಕು, ಇಲ್ಲದಿದ್ದರೆ ಸೇತುವೆ ಹೊಳೆಗೆ ಮುಗುಚುತ್ತದೆ. ಸ್ಕೇಲನ್ನು ಮೇಜಿನ ಅಂಚಿನಿಂದ ಆಚೆ ತಳ್ಳಿ ತೋರಿಸುತ್ತಾ ವಿವರಿಸಲು ಅಭ್ಯಾಸ ಮಾಡಿ.

ನಾಲ್ಕನೆಯದು ಮೈಸೂರಿನ ಡಿಎಫ್‌ಆರ್‌ಎಲ್, ಸೇನೆಯ ಆಹಾರ ಸಂಶೋಧನೆಗೆ 1961ರಲ್ಲಿ ಶುರುವಾದ, ಈಗ ಡಿಐಬಿಟಿ ಎಂಬ ಹೆಸರಿರುವ ಡಿಆರ್‌ಡಿಒ (ರಕ್ಷಣಾ ಸಂಶೋಧನಾ ಸಂಸ್ಥೆ) ಪ್ರಯೋಗಾಲಯ. ಸೈನಿಕರ ಸಿದ್ಧ ಆಹಾರದ ಪೊಟ್ಟಣವನ್ನು ಸುಮಾರು 121 ಡಿಗ್ರಿಗೆ ಬಿಸಿ ಮಾಡುವುದೇಕೆ, ಅದಕ್ಕೆ ಒತ್ತಡ ಯಾಕೆ ಬೇಕು ಎಂದು ಒಮ್ಮೆ ಓದಿಕೊಳ್ಳಿ. ಮನೆಯ ಕುಕ್ಕರ್ ಅರ್ಥವಾದವರಿಗೆ ಹತ್ತು ನಿಮಿಷದ ಕೆಲಸ.

ಕೋಣೆಯೊಳಗೆ

ಸಂದರ್ಶನ ಸಾಮಾನ್ಯವಾಗಿ 40 ನಿಮಿಷದಿಂದ ಒಂದು ಗಂಟೆ. ಮೊದಲಿಗೆ ಒಂದೇ ಉಸಿರಿನಲ್ಲಿ ಹತ್ತು ಹದಿನೈದು ಪ್ರಶ್ನೆ ಬೀಳುತ್ತವೆ: ಹತ್ತನೇ ತರಗತಿಯಿಂದ ಅಂಕ ಹೇಳಿ, ಇಷ್ಟವಾದ ಮೇಷ್ಟ್ರು ಯಾರು, ಇಷ್ಟವಾಗದವರು ಯಾರು, ಅಂಕ ಏರಿದ್ದು ಇಳಿದದ್ದು ಯಾಕೆ, ಗೆಳೆಯರು ಯಾರು, ಬಿಡುವಿನಲ್ಲಿ ಏನು ಮಾಡುತ್ತೀರಿ. ಎಲ್ಲವನ್ನೂ ನೆನಪಿಡುವ ಉಪಾಯ ಕಾಲಕ್ರಮ. ಶಾಲೆ, ಪಿಯುಸಿ, ಬಿಇ ಎಂದು ಸಾಲಾಗಿ ಹೇಳುತ್ತಾ ಹೋದರೆ ಮುಕ್ಕಾಲು ಪ್ರಶ್ನೆ ತಾವಾಗಿ ತೀರುತ್ತವೆ. ಒಂದೆರಡು ತಪ್ಪಿಹೋದರೆ ಅವರೇ ಮತ್ತೆ ಕೇಳುತ್ತಾರೆ, ಗಾಬರಿ ಬೇಡ. ಮೂರನೇ ಸೆಮಿಸ್ಟರ್‌ನಲ್ಲಿ ಮ್ಯಾಥ್ಸ್ ಹೋಗಿದ್ದರೆ 'ಓದಲಿಲ್ಲ, ಹೋಯಿತು, ಮುಂದಿನ ಸಲ ಹೀಗೆ ಓದಿ ತೆಗೆದೆ' ಎನ್ನಿ. ಮೇಷ್ಟ್ರ ಮೇಲೆ ಹಾಕಬೇಡಿ.

ಎದುರಿನ ಅಧಿಕಾರಿ ನಿಮ್ಮ ಬ್ರಾಂಚಿನವರೇ ಆಗಿರಬೇಕಿಲ್ಲ. ಹಾಗಾಗಿ ಸಾಮಾನ್ಯ ಸೈನಿಕನಿಗೂ ತಿಳಿಯುವ ಹಾಗೆ ವಿವರಿಸಿ. ನಾಳೆ ನಿಮ್ಮ ಕೆಲಸವೂ ಅದೇ. ಮೊದಲು ಒಂದು ವಾಕ್ಯದ ಉತ್ತರ, ಆಮೇಲೆ ಕಾರಣ, ಆಮೇಲೆ ಒಂದು ಅಂಕಿ. ಅಂಕಿ ಸರಿಯಾಗಿ ನೆನಪಿಲ್ಲದಿದ್ದರೆ 'ಅಂದಾಜು' ಎಂದು ಹೇಳಿಯೇ ಕೊಡಿ.

ಗೊತ್ತಿಲ್ಲದಿದ್ದರೆ 'ಐ ಡೋಂಟ್ ನೋ, ಸರ್' ಎಂದು ನೇರವಾಗಿ ಹೇಳಿ. ಆದರೆ ಅರ್ಧ ದಾರಿ ಗೊತ್ತಿದ್ದರೆ ಅಷ್ಟಕ್ಕೇ ಬಿಡಬೇಡಿ: 'ಸೂತ್ರ ನೆನಪಿಲ್ಲ, ಆದರೆ ಆಳ ಹೆಚ್ಚಿದಂತೆ ಒತ್ತಡ ಹೆಚ್ಚಬೇಕು, ಅಲ್ಲಿಂದ ಪ್ರಯತ್ನಿಸಲೇ?' ಎನ್ನಿ. ಸುಳಿವು ಸಿಕ್ಕರೆ ಹಿಡಿದುಕೊಳ್ಳಿ. ತಪ್ಪೆಂದು ತೋರಿಸಿಕೊಟ್ಟಾಗ ವಾದಕ್ಕೆ ನಿಲ್ಲುವವರೂ, ತಕ್ಷಣ ಮಾತು ಬದಲಿಸುವವರೂ ಇಬ್ಬರೂ ಅಂಕ ಕಳೆದುಕೊಳ್ಳುತ್ತಾರೆ.

ಕನ್ನಡ ಮಾಧ್ಯಮದವರಿಗೆ ಒಂದು ಮಾತು. ಇಂಗ್ಲಿಷ್ ತಿಳಿಯಾಗಿದ್ದರೆ ಸಾಕು, ಥಳುಕು ಬೇಡ. ತೊಡಕಾಗುವುದು ಕನ್ನಡದ ಉದ್ದ ವಾಕ್ಯವನ್ನು ತಲೆಯಲ್ಲೇ ಅನುವಾದಿಸಲು ಹೋದಾಗ. ಎಂಟರಿಂದ ಹತ್ತು ಪದದ ವಾಕ್ಯಗಳಲ್ಲಿ ಮಾತಾಡಿ. ದಿನಕ್ಕೆ ಒಂದು ವಸ್ತು (ಫ್ಯಾನು, ಸೈಕಲ್ ಬ್ರೇಕು, ಕುಕ್ಕರ್ ವಿಶಲ್) ಆರಿಸಿ, ಅದು ಹೇಗೆ ಕೆಲಸ ಮಾಡುತ್ತದೆಂದು ಮೂರು ನಿಮಿಷ ಇಂಗ್ಲಿಷಿನಲ್ಲಿ ಹೇಳಿ, ಫೋನ್‌ನಲ್ಲಿ ರೆಕಾರ್ಡ್ ಮಾಡಿ ಕೇಳಿಸಿಕೊಳ್ಳಿ. ಮೊದಲ ವಾರ ನಿಮ್ಮದೇ ದನಿ ಕೇಳಲಾಗುವುದಿಲ್ಲ, ಅದು ಎಲ್ಲರಿಗೂ ಹಾಗೆಯೇ.

ಉಳಿದ ದಿನಗಳು

ಸಂದರ್ಶನ ಐದು ದಿನದ ಒಂದು ತುಂಡು ಮಾತ್ರ. ಮನಸಾ, ವಾಚಾ, ಕರ್ಮಣಾ ಮೂರೂ ಒಂದೇ ಇದೆಯೇ ಎಂದು ಮೂವರು ಬೇರೆ ಬೇರೆ ನೋಡುತ್ತಾರೆ: ಸೈಕಾಲಜಿಸ್ಟ್ ಬರವಣಿಗೆಯಲ್ಲಿ, ಇಂಟರ್ವ್ಯೂ ಆಫೀಸರ್ ಮಾತಿನಲ್ಲಿ, ಜಿಟಿಒ (ಗ್ರೂಪ್ ಟೆಸ್ಟಿಂಗ್ ಆಫೀಸರ್) ಮೈದಾನದಲ್ಲಿ. ಮೊದಲ ದಿನ ರೀಸನಿಂಗ್ ಪರೀಕ್ಷೆ ಮತ್ತು ಪಿಪಿಡಿಟಿ: ಚಿತ್ರ 30 ಸೆಕೆಂಡ್, ಕಥೆ ಬರೆಯಲು 4 ನಿಮಿಷ, ಆಮೇಲೆ ಗುಂಪು ಚರ್ಚೆ. ಇಲ್ಲಿ ಸ್ಕ್ರೀನ್ಡ್ ಔಟ್ ಆದವರು ಅದೇ ದಿನ ವಾಪಸ್. ಎರಡನೇ ದಿನ 12 ಚಿತ್ರಕ್ಕೆ ಕಥೆ, ತಲಾ 15 ಸೆಕೆಂಡಿನಲ್ಲಿ 60 ಪದಕ್ಕೆ ವಾಕ್ಯ, 30 ನಿಮಿಷದಲ್ಲಿ 60 ಸನ್ನಿವೇಶ. ಗಡಿಯಾರ ಇಟ್ಟುಕೊಂಡು ಬರೆದು ಅಭ್ಯಾಸವಿಲ್ಲದಿದ್ದರೆ ಕೈ ಸೋಲುತ್ತದೆ.

ಮೈದಾನದ ಗುಂಪು ಕೆಲಸದಲ್ಲಿ ಹಲಗೆ, ಮರದ ದಿಮ್ಮಿ, ಹಗ್ಗ ಕೊಟ್ಟು ಭಾರದೊಂದಿಗೆ ದಾಟಿ ಎನ್ನುತ್ತಾರೆ. ಎಂಜಿನಿಯರ್‌ಗಳು ಇಲ್ಲಿ ಮಾಡುವ ತಪ್ಪು, ಮನಸ್ಸಿನಲ್ಲೇ ಪೂರ್ತಿ ಡಿಸೈನ್ ಮುಗಿಸಿ ಆಮೇಲೆ ಬಾಯಿ ಬಿಡೋಣ ಎಂದು ಕಾಯುವುದು. ಅಷ್ಟರಲ್ಲಿ ಬೇರೆಯವರು ಆಚೆ ಇರುತ್ತಾರೆ. ಹಲಗೆಯ ಹಿಂತುದಿಗೆ ಯಾರನ್ನಾದರೂ ನಿಲ್ಲಿಸಿ ಮುಂತುದಿಯಿಂದ ದಾಟಬಹುದು ಎಂದು ಹೊಳೆದ ಕೂಡಲೇ ಹೇಳಿ, ನೀವೇ ಹಿಂತುದಿಗೆ ನಿಲ್ಲಲು ಮುಂದಾಗಿ. ಬೇಯ್ಲಿಯ ಮೂಗು ಕೆಲಸ ಮಾಡುವುದೂ ಹೀಗೆಯೇ.

ಹೊರಡುವ ವಾರ

ದಿನಾಂಕವನ್ನು ಸೇನೆಯ ನೇಮಕಾತಿ ವೆಬ್‌ಸೈಟಿನಲ್ಲಿ ನೀವೇ ಆರಿಸಿಕೊಳ್ಳಬಹುದು, ಮೊದಲು ಬಂದವರಿಗೆ ಮೊದಲು. ಸೆಮಿಸ್ಟರ್ ಪರೀಕ್ಷೆಗೆ ಡಿಕ್ಕಿ ಹೊಡೆಯದಂತೆ ನೋಡಿಕೊಳ್ಳಿ. ಕೇಂದ್ರ ಬೆಂಗಳೂರೇ ಆಗಬೇಕಿಲ್ಲ, ಭೋಪಾಲ್, ಪ್ರಯಾಗ್‌ರಾಜ್, ಜಲಂಧರ್ ಕೂಡ ಬರಬಹುದು. ಡಿಸೆಂಬರ್–ಜನವರಿಯಲ್ಲಿ ಅಲ್ಲಿನ ಚಳಿ ನಮ್ಮ ಮೈಸೂರಿನ ಸ್ವೆಟರಿಗೆ ಬಗ್ಗುವುದಿಲ್ಲ. ಬೆಂಗಳೂರು ಬಂದರೆ, ಬೆಳಿಗ್ಗೆ ಬೇಗ ವರದಿ ಮಾಡಬೇಕಾದಾಗ ಮೈಸೂರಿನಿಂದ ಅದೇ ದಿನ ಹೊರಡುವ ಸಾಹಸ ಬೇಡ. ಹಿಂದಿನ ಸಂಜೆಯೇ ರೈಲು ಹತ್ತಿ.

ಚೀಲದಲ್ಲಿ ಇಸ್ತ್ರಿಯಾದ ಎರಡು ತಿಳಿ ಬಣ್ಣದ ಶರಟು, ಗಾಢ ಬಣ್ಣದ ಪ್ಯಾಂಟು, ಕಪ್ಪು ಶೂ, ಮೈದಾನಕ್ಕೆ ಬಿಳಿ ಟೀ ಶರಟು, ಬಿಳಿ ಚಡ್ಡಿ, ಬಿಳಿ ಶೂ. ಹೊಸ ಶೂ ಕೊಂಡಿದ್ದರೆ ಎರಡು ವಾರ ಮುಂಚಿನಿಂದ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಓಡಿ ಪಳಗಿಸಿ. ಹಿಮ್ಮಡಿಗೆ ಬೊಬ್ಬೆ ಎದ್ದರೆ ಮೂರನೇ ದಿನ ಹಗ್ಗ ಹತ್ತಲಾಗುವುದಿಲ್ಲ.

ಹೋಗುವ ಟಿಕೆಟನ್ನು ಎಸೆಯಬೇಡಿ. ಆ ಬಗೆಯ ಎಂಟ್ರಿಗೆ ಮೊದಲ ಸಲ ಬಂದವರಿಗೆ ಎಸಿ ತ್ರೀ ಟೈರ್ ದರ್ಜೆಯವರೆಗಿನ ರೈಲು ಖರ್ಚು ಮರಳಿ ಸಿಗುತ್ತದೆ, ಟಿಕೆಟ್ ಇಲ್ಲದಿದ್ದರೆ ಇಲ್ಲ. ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟದ ಜೆರಾಕ್ಸ್ ಕೂಡ ಜೊತೆಗಿರಲಿ. ಕೊನೆಯ ದಿನ ಕಾನ್ಫರೆನ್ಸ್ (ಎಲ್ಲ ಪರೀಕ್ಷಕರು ಕೂತು ತೀರ್ಮಾನಿಸುವ ಸಭೆ) ಮುಗಿದು ಆಯ್ಕೆಯಾದವರಲ್ಲಿ ನಿಮ್ಮ ಚೆಸ್ಟ್ ನಂಬರ್ (ಎದೆಯ ಮೇಲಿನ ಸಂಖ್ಯೆ) ಕರೆದರೆ, ಊರಿಗೆ ಹೋಗುವುದು ಅವತ್ತಲ್ಲ. ಮೆಡಿಕಲ್‌ಗೆ ಇನ್ನೂ ಕೆಲವು ದಿನ ಉಳಿಯಬೇಕಾಗುತ್ತದೆ, ವಾಪಸ್ ಟಿಕೆಟನ್ನು ಮೊದಲೇ ಬುಕ್ ಮಾಡಬೇಡಿ.